ಗಂಜಿಯ ಲೋಟ ಮಾಡಿಸಿದ ಟೀಚರು

ಆ ವಿಜ್ಞಾನ ಟೀಚರ ಕೆಲಸ ಕಳೆದದ್ದು ಅವರ ಪ್ರಯೋಗವಲ್ಲ, ನಾನು. ಊರಿನವರು ಬೇರೆ ಹೇಳುತ್ತಾರೆ, ಹೇಳಲಿ.

ಅವರ ಬೆರಳುಗಳಲ್ಲಿ ಯಾವಾಗಲೂ ಒಣಗಿದ ಗಂಜಿ ಇರುತ್ತಿತ್ತು. ಮಾತಾಡುತ್ತ ಅದನ್ನು ಹಾವಿನ ಪೊರೆಯ ಹಾಗೆ ಸುಲಿಯುತ್ತಿದ್ದರು. ಕಕ್ಕಿಂಜೆಯ ಕಡೆಯಿಂದ ಬಸ್ಸಿನಲ್ಲಿ ನಮ್ಮೂರ ಶಾಲೆಗೆ ಬರುವ ಅತಿಥಿ ಶಿಕ್ಷಕಿ. ವರ್ಷ ವರ್ಷ ಅವರನ್ನು ಮುಂದುವರಿಸುವುದು ಶಾಲಾ ಸಮಿತಿಯ ಅಧ್ಯಕ್ಷರ ಕೈಯಲ್ಲಿ. ಅಲ್ಲೇ ಬಿಸಿಯೂಟ ಬೇಯಿಸುವ ನನ್ನದೂ ಹಾಗೆಯೇ.

ನಾನು ಬಸಿದ ಕುಚ್ಚಲಕ್ಕಿ ಗಂಜಿಗೆ ಅಕ್ಕಿಹಿಟ್ಟು, ವಿನೆಗರ್, ಗ್ಲಿಸರಿನ್ ಹಾಕಿ ಕುದಿಸಿ, ಬಟ್ಟಲಿನ ಬೆನ್ನಿಗೆ ಬಳಿದು ಮಕ್ಕಳಿಂದ ಲೋಟ ಮಾಡಿಸುತ್ತಿದ್ದರು. ಮಣ್ಣಿಗೆ ಹಾಕಿದರೆ ಮಣ್ಣಾಗುವ ಲೋಟ. ಒಡೆದರೆ ಹುಡುಗಿಯರು ಮುಖ ಸಣ್ಣ ಮಾಡುತ್ತಿದ್ದರು. “ಯಾಕೆ ಒಡೆಯಿತು ಅಂತ ಮೊದಲು ಬರಿ. ಅಳುವುದು ಮನೆಗೆ ಹೋಗಿ,” ಎನ್ನುತ್ತಿದ್ದರು.

ಗಂಜಿ ಹಾಕಿದ ಸೀರೆ ಸುಡುಬಿಸಿಲಿಗೆ ಸೆಟೆದು ಮಡಿಕೆಯಲ್ಲೇ ಬಿರಿಯುತ್ತದೆ, ಇವನ್ನೂ ನೆರಳಲ್ಲಿ ಒಣಗಿಸಿ ಎಂದೆ ಒಮ್ಮೆ. ಅವರು ಬೋರ್ಡಿನ ಮೇಲೆ ‘ಅಜ್ಜಿ ಹೇಳಿದ್ದು’ ಎಂದು ಬರೆದು, ಕೆಳಗೆ ನನ್ನ ಮಾತು ಬರೆದರು. ಮಕ್ಕಳೆಲ್ಲ ನೋಡಿ ಬರೆದುಕೊಂಡರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು.

ಶಾಲೆಯ ವಾರ್ಷಿಕೋತ್ಸವಕ್ಕೆ ಅತಿಥಿಗಳು ಬರುವ ದಿನ ಅವಲಕ್ಕಿ ಹಂಚಲು ಬುಟ್ಟಿ ತುಂಬ ಲೋಟ ತಂದಿಟ್ಟರು. “ಅಜ್ಜೀ, ಬಿಸಿಯದ್ದು ಹಾಕಬೇಡಿ, ಕರಗ್ತದೆ. ಕರಗಬೇಕು, ಅದೇ ಪಾಠ.”

ಅವರು ಅತ್ತ ಹೋದ ಮೇಲೆ ಅಧ್ಯಕ್ಷರು ಅಡುಗೆಮನೆಗೆ ಬಂದು ಪಾಯಸವನ್ನೂ ಅದರಲ್ಲೇ ಕೊಡಲು ಹೇಳಿದರು. ಟೀಚರು ಬೇಡ ಅಂದಿದ್ದಾರೆ ಎಂದೆ.

“ಹಾಕು ಮಾರಾಯ್ತಿ. ಇಲ್ಲಿ ಟೀಚರು ದೊಡ್ಡವರಾ, ನಾನಾ?”

ಹಾಕಿದೆ. ಕುದಿಯುವ ಪಾಯಸ. ಮುಖ್ಯ ಅತಿಥಿಯ ತೊಡೆಯ ಮೇಲೆ ಲೋಟದ ತಳ ಕಳಚಿತು. ಬಿಳಿ ಪಂಚೆ, ಬೊಬ್ಬೆ, ಮಕ್ಕಳ ನಗು. ಗಂಜಿಗೆ ಗತಿಯಿಲ್ಲದವರು ವಿಜ್ಞಾನ ಕಲಿಸಿದರೆ ಹೀಗೇ ಎಂದು ಅಧ್ಯಕ್ಷರು ಎಲ್ಲರೆದುರು ಟೀಚರ ಮುಖಕ್ಕೇ ಹೇಳಿದರು.

ಟೀಚರು ನನ್ನತ್ತ ತಿರುಗಿದರು. “ಅಜ್ಜೀ, ನಾನು ಬೇಡ ಹೇಳಿದ್ದೆ ಅಲ್ವಾ? ಒಂದು ಮಾತು ಹೇಳಿ.”

“ನನಗೆ ನೆನಪಿಲ್ಲ,” ಎಂದೆ.

ಈಗ ಅವರು ಮೂಡುಬಿದಿರೆಯ ಬಟ್ಟೆ ಅಂಗಡಿಯೊಂದರಲ್ಲಿದ್ದಾರೆ. ಹೋದ ತಿಂಗಳು ನನ್ನ ಸೀರೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಟ್ಟರು. ಗುರುತು ಹಿಡಿದರು, ಮುಂದಿನ ಗಿರಾಕಿಯತ್ತ ತಿರುಗಿದರು.

ಪಾಯಸ ಚೆಲ್ಲಿದ ಮರುದಿನ ಬೆಳಿಗ್ಗೆ ಹೆಡ್ಮಾಸ್ಟರು ಒಂದು ಕಾಗದ ಮುಂದಿಟ್ಟರು. ಬಿಸಿ ಪಾಯಸ ಹಾಕಲು ಟೀಚರೇ ಹೇಳಿದ್ದು ಎಂದಿತ್ತು. ಅಕ್ಷರ ಕೂಡಿಸಿ ಕೂಡಿಸಿ ಕೊನೆಯವರೆಗೆ ಓದಿದೆ. ಹೆಬ್ಬೆಟ್ಟು ಒತ್ತಿದರೆ ಸಾಕು ಎಂದರು ಅವರು. ನಾನು ಪೆನ್ನು ಕೇಳಿ ತೆಗೆದುಕೊಂಡು, ಪೂರ್ತಿ ಹೆಸರು ಬರೆದೆ.