ಮೈಲಿಗೆಯಾಗಿ ಉಳಿದ ಕಳ್ಳಿ

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಸೋದರತ್ತೆ ಸಂಡೂರಿನ ನೆಂಟರ ಮನೆಯಿಂದ ಒಂದು ಕಳ್ಳಿ ತಂದು, ಹೊಸಪೇಟೆಯ ನಮ್ಮ ಪಡಸಾಲೆಯ ತೊಲೆಗೆ ತೂಗಹಾಕಿದರು. ಅದನ್ನು ನೆಟ್ಟಿದ್ದ ತೆಂಗಿನ ಚಿಪ್ಪಿನಿಂದ ಇಲಿಬಾಲದಂಥ ಮುಳ್ಳಿನ ಎಳೆಗಳು ಕೆಳಗಿಳಿಯುತ್ತಿದ್ದವು. ಅದು ಕೆಂಪಗೆ ಹೂ ಬಿಟ್ಟಿದ್ದನ್ನು ಸಂಡೂರಿನಲ್ಲಿ ಕಂಡಿದ್ದ ಅತ್ತೆ, ಮೊದಲ ಹೂ ತಮ್ಮ ಪೂಜೆಯ ಕೃಷ್ಣನಿಗೆ ಎಂದು ಹರಕೆ ಹೊತ್ತರು. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ನಮ್ಮ ಮನೆ ಸೇರಿದ್ದ ಅವರಿಗೆ, ತಮ್ಮದು ಎಂದು ದೇವರಿಗೆ ಕೊಡಲು ಬೇರೇನಿತ್ತು?

ಅಷ್ಟಕ್ಕೇ ನಿಂತಿದ್ದರೆ ಸರಿ. ದೇವರ ಗಿಡ ಎಂದಮೇಲೆ ತುಳಸಿಯ ಮರ್ಯಾದೆ ಅದಕ್ಕೂ ಬಂತು. ಬೆಳಿಗ್ಗೆ ಮಡಿಯುಟ್ಟ ಅಜ್ಜಿ ಒಂದು ಚೊಂಬು ನೀರು ಸುರಿದರೆ ಅಮ್ಮ ಇನ್ನೊಂದು, ಅತ್ತೆ ಮತ್ತೊಂದು. ಏಕಾದಶಿಗೆ ಗಿಡಕ್ಕೂ ಉಪವಾಸ. ಪಾಪ, ಅದು ಉಸಿರಾಡುತ್ತಿದ್ದದ್ದು ಅಂದು ಮಾತ್ರ.

ಅಪ್ಪ ವಕೀಲರು, ಊಟಕ್ಕೆ ಕೂತಾಗ ನನಗೆ ವಾದ ಮಾಡಲು ಕಲಿಸಿದವರು. ಆ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ.

"ಅತ್ತಿ, ಇದು ಮರದ ತೊಗಟಿ ಮ್ಯಾಲೆ ಬೆಳಿಯೋ ಗಿಡ. ದಿನಾ ನೀರು ಹಾಕಿದ್ರ ಕೊಳಿತದ."

"ನೀರಿಲ್ದ ನೀ ಇರ್ತೀಯೇನು?"

"ನಾ ಕಳ್ಳಿ ಅಲ್ಲ."

"ಮುಳ್ಳೇನು ಕಮ್ಮಿ ಅವ ನಿನಗ?"

ಬುಡ ಕಂದಿ ಮೆತ್ತಗಾಯಿತು. ಕೊಳೆತದ್ದನ್ನು ಕತ್ತರಿಸಿ, ಗಟ್ಟಿ ಎಳೆಗಳನ್ನು ಆರಿಸಿ ಮತ್ತೆ ನೆಡಬೇಕು ಎಂದೆ. ದೇವರ ಗಿಡಕ್ಕೆ ಕತ್ತರಿಯೇ ಎಂದು ಅಜ್ಜಿ ಕಿವಿ ಮುಚ್ಚಿಕೊಂಡರು. ಮುಟ್ಟಲು ನನಗೆ ಮಡಿಯಿಲ್ಲ, ಮಡಿಯಿದ್ದವರಿಗೆ ಬುದ್ಧಿಯಿಲ್ಲ! ಒಂದು ದಿನ ಸ್ಕೂಲಿನಿಂದ ಬಂದವಳೇ, ಕಾಲೂ ತೊಳೆಯದೆ, ಚಿಪ್ಪು ಇಳಿಸಿ ಕತ್ತರಿಸಿಬಿಟ್ಟೆ.

ಅತ್ತೆ ಬೈಯಲಿಲ್ಲ. "ಮೈಲಿಗಿ ಆತು. ಇನ್ನ ಅದು ನಿಂದ" ಎಂದು ಒಳಗೆ ಹೋದರು.

ಮರುದಿನದಿಂದ ಮಡಿಯಲ್ಲಿದ್ದವರು ಯಾರೂ ಅದರ ಹತ್ತಿರ ಸುಳಿಯಲಿಲ್ಲ. ನನ್ನ ಯಾವ ವಾದಕ್ಕೂ ನಿಲ್ಲದ ಚೊಂಬುಗಳು ಮೈಲಿಗೆಗೆ ನಿಂತವು! ನಾನು ಬುಡ ಪೂರ್ತಿ ಒಣಗಿದಾಗಷ್ಟೇ ನೀರು ಹಾಕಿದೆ. ಎಳೆಗಳು ಬೇರುಬಿಟ್ಟು, ಮುಂದಿನ ವರ್ಷದ ಬೇಸಗೆಗೆ ಮೊಗ್ಗು ತಂದವು.

ಅತ್ತೆ ದೂರ ನಿಂತು ನೋಡುವರು, ಮೈಲಿಗೆ ಗಿಡದ ಹೂವನ್ನು ಹರಕೆಗೆಂದು ಕೇಳರು. ಕೊನೆಗೆ ನನಗೇ ತಡೆಯಲಾಗಲಿಲ್ಲ. "ಹೂ ಮಾರಾಕಿ ತರೋ ಮಲ್ಲಿಗಿನ ಯಾರು ಮಡೀಲೆ ಬೆಳಸ್ಯಾರ? ನೀರು ಚಿಮುಕಿಸಿ ದೇವ್ರಿಗೆ ಏರಸೂದಿಲ್ಲೇನು?"

ಅತ್ತೆ ಯೋಚಿಸಿದರು. "ಆಕಿ ಬೀದಿ ಬಾಗಲಿಗೆ ಬಂದು ಕೂಗ್ತಾಳ."

"ಅದಕ್ಕ?"

"ನೀನೂ ಹೋಗಿ ಕೂಗು."

ಹೂ ಅರಳಿದ ಬೆಳಿಗ್ಗೆ, ವಾದದಲ್ಲಿ ಗೆದ್ದ ನಾನು ಅದನ್ನು ಕಿತ್ತುಕೊಂಡು ಬೀದಿಯಲ್ಲಿ ನಿಂತು, ಎದುರುಮನೆಯವರೆಲ್ಲ ನೋಡುತ್ತಿರಲು, "ಹೂವೋ ಹೂವು" ಎಂದು ಕೂಗಿದೆ. ಅತ್ತೆ ಅವಸರವಿಲ್ಲದೆ ಬಂದು, ಎಲೆಯ ಮೇಲೆ ಇಡಿಸಿಕೊಂಡು, ನೀರು ಚಿಮುಕಿಸಿದರು.

"ಬರೇ ಒಂದ ತಂದೀಯೇನು?"