ತಾಂಬೂಲದ ಬಟ್ಟಲಾದ ತುತ್ತೂರಿ

ನನ್ನ ಅಣ್ಣನ ಮನೆಯವರು ನನ್ನ ಜಾಜ್ ರೆಕಾರ್ಡುಗಳನ್ನು ಕುದಿನೀರಿಗೆ ಅದ್ದಿ ಬಟ್ಟಲು ಮಾಡಿದರು. ಅವನ್ನು ಕೇಳಲು ನನಗೆ ಕಲಿಸಿದವರ ಮುಖಕ್ಕೇ, ನಾನೇ ಕೊಟ್ಟೆನೆಂದು ಸುಳ್ಳು ಹೇಳಿದರು. ಮೊನ್ನೆ ತರೀಕೆರೆಯ ಆ ಮನೆಗೆ ಹೋದಾಗ ಅತ್ತಿಗೆ ಎಲೆ ಅಡಿಕೆ ತಂದಿಟ್ಟದ್ದು ಅಂಥದೇ ಒಂದು ಬಟ್ಟಲಿನಲ್ಲಿ. ಅಂಚು ಮಡಿಕೆ ಮಡಿಕೆಯಾಗಿ ಎದ್ದ ಕಪ್ಪು ಬಟ್ಟಲು. ಗೆರೆಗಳ ತುಂಬ ಸುಣ್ಣ ಮೆತ್ತಿತ್ತು. ತಳದ ತೂತಿನಲ್ಲಿ ಅಡಿಕೆಯ ಚೂರೊಂದು ಸಿಕ್ಕಿಕೊಂಡಿತ್ತು.

ಕಲಿಸಿದವರು ಅಜ್ಜಂಪುರದ ಗಾರ್ಡ್ ಸಾಹೇಬರು. ರೈಲ್ವೆಯಿಂದ ನಿವೃತ್ತರಾಗಿ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಒಬ್ಬರೇ ಇದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆ ಊರಿನ ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದೆ. ಒಂದು ಸಂಜೆ ಅವರ ಕಿಟಕಿಯಿಂದ ಬಂದ ತುತ್ತೂರಿಯ ದನಿಗೆ ಬೀದಿಯಲ್ಲೇ ನಿಂತುಬಿಟ್ಟೆ.

"ಒಳಗ್ ಬಾರಯ್ಯ. ಬೀದೀಲಿ ನಿಂತ್ಕೊಂಡು ಕೇಳೋಕೆ ಇದೇನ್ ಹರಾಜಾ?" ಎಂದು ಗದರಿದರು.

ನಾನೂ ಕೆಲವು ರೆಕಾರ್ಡು ಕೊಳ್ಳಬೇಕೆಂದಾಗ ಅವರು ನಕ್ಕರು. "ಇದು ಒಂಟಿ ಹಳಿ ಕಣಯ್ಯ. ಮೊದಲ್ನೇ ಗಾಡಿ ಮುಂದಿನ್ ಸ್ಟೇಷನ್ ಸೇರೋವರ್ಗೂ ಎರಡ್ನೇದನ್ನ ಬಿಡಲ್ಲ."

ಅದೇ ಅವರ ಕ್ರಮವಾಗಿತ್ತು. ಒಂದು ರೆಕಾರ್ಡಿನಲ್ಲಿ ಎಲ್ಲಕ್ಕಿಂತ ಕೆಳಗೆ ನಡೆಯುವ ದಪ್ಪ ತಂತಿಯ ನಾದವನ್ನು ನಾನು ಅವರೆದುರು ಗುನುಗಿ ತೋರಿಸಬೇಕು. ಆಮೇಲಷ್ಟೇ ಅವರ ಹಳೆಯ ಸಹೋದ್ಯೋಗಿಗಳ ಕೈಯಲ್ಲಿ ಬೆಂಗಳೂರಿನಿಂದ ಮುಂದಿನದು ಬರುತ್ತಿತ್ತು. ಮೊದಲಿಗೆ, ವಾದ್ಯಗಳೆಲ್ಲ ಸಂತೆಯಂತೆ ಒಟ್ಟಿಗೆ ಮಾತಾಡುವ ಹಳೆಯ ಬ್ಯಾಂಡಿನದು. ಬಳಿಕ ಕುಣಿತದ ದೊಡ್ಡ ವಾದ್ಯವೃಂದ. ಆಮೇಲೆ ಬರೀ ಪಿಯಾನೋ, ತಂತಿ, ಡ್ರಮ್ಮು. ಇಲ್ಲಿ ಮಾತ್ರ ನಾನು ಬಹಳ ದಿನ ಸಿಕ್ಕಿಬಿದ್ದೆ.

"ನೀನ್ ಗುನುಗಿದ್ದು ಡ್ರಮ್ಮು. ನಾನ್ ಕೇಳಿದ್ದು ತಂತಿ. ಹೋಗಯ್ಯ, ಸಿಗ್ನಲ್ ಬಿದ್ದಿಲ್ಲ," ಎಂದು ಹೊಸ್ತಿಲಲ್ಲೇ ಹಿಂದಕ್ಕೆ ಕಳಿಸಿದ್ದುಂಟು.

ಹೀಗೆ ಒಂದು ಚಿಕ್ಕ ಸಂಗ್ರಹ ಬೆಳೆಯಿತು... ನನಗೆ ಕಡೂರಿಗೆ ವರ್ಗವಾದಾಗ ಅವರು ತಮ್ಮದೇ ಒಂದು ರೆಕಾರ್ಡನ್ನು ನನ್ನ ಕೈಗಿತ್ತರು. ಅಂದು ನನ್ನನ್ನು ಬೀದಿಯಲ್ಲಿ ನಿಲ್ಲಿಸಿದ ತುತ್ತೂರಿ ಅದೇ. ನಡುವಿನ ಕಾಗದದ ಮೇಲೆ ಎಣ್ಣೆಬಣ್ಣದಲ್ಲಿ ಒಂದು ಹಸಿರು ಬಾವುಟ ಬರೆದುಕೊಂಡಿದ್ದರು. "ಕೊಡ್ತಿಲ್ಲ ಕಣಯ್ಯ, ನಿನ್ ವಶಕ್ಕೆ ಬಿಡ್ತಿದೀನಿ," ಎಂದರು.

ಕಡೂರಿನ ನನ್ನ ಬಾಡಿಗೆ ಕೋಣೆಗೆ ತಗಡಿನ ಸೂರು. ಬೇಸಗೆಯ ಕಾವಿಗೆ ರೆಕಾರ್ಡು ಬಾಗೀತೆಂದು ಹೆದರಿ, ಪೆಟ್ಟಿಗೆಯನ್ನು ಅಣ್ಣನ ಮನೆಯ ತಣ್ಣನೆಯ ನಡುಮನೆಯಲ್ಲಿಟ್ಟೆ. ಒಲೆಯ ಹತ್ತಿರ ಒಯ್ಯಬೇಡಿರೆಂದು ಅಣ್ಣ ಅತ್ತಿಗೆ ಇಬ್ಬರಿಗೂ ಬಿಡಿಸಿ ಹೇಳಿದೆ.

ಆ ಬೇಸಗೆಯಲ್ಲೇ ಅಣ್ಣನ ಮಗಳ ಮದುವೆ. ಹಳೆಯ ರೆಕಾರ್ಡುಗಳಿಂದ ಬಟ್ಟಲು ಮಾಡುವ ವಿಧಾನವನ್ನು ಅತ್ತಿಗೆ ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದರಂತೆ. ಬಚ್ಚಲ ಹಂಡೆಯ ನೀರಿನಲ್ಲಿ ಮೆತ್ತಗಾಗಿಸಿ, ಬೋರಲು ಹಾಕಿದ ಚೊಂಬಿನ ಮೇಲೆ ಒತ್ತಿ, ಪೆಟ್ಟಿಗೆಯನ್ನೇ ಬರಿದು ಮಾಡಿದ್ದರು. ನನಗೆ ಒಂದು ಮಾತೂ ತಿಳಿಸಿರಲಿಲ್ಲ.

ನನ್ನ ಆಮಂತ್ರಣದ ಮೇಲೆ ಗಾರ್ಡ್ ಸಾಹೇಬರು ಕೋಟು ತೊಟ್ಟು ಬಂದಿದ್ದರು. ಊಟವಾದ ಮೇಲೆ ಅತ್ತಿಗೆ ತಾಂಬೂಲದ ಬಟ್ಟಲು ನೀಡಿದರು. ಸಾಹೇಬರು ಅದನ್ನು ಮೇಲೆತ್ತಿ ತಳ ನೋಡಿದರು. ಹಸಿರು ಬಾವುಟ.

"ಇದನ್ನ ಯಾರಮ್ಮ ಕೊಟ್ಟಿದ್ದು?"

"ನಮ್ ಮೈದುನಾನೇ ಕೊಟ್ಟ ಕಣ್ರೀ. ಹಾಡೇ ಇಲ್ಲ ಅದ್ರಲ್ಲಿ, ಏನಾದ್ರೂ ಮಾಡ್ಕೊಳ್ಳಿ ಅಂದ."

ಊಟದ ಮನೆಯ ಬಾಗಿಲು ದಾಟುತ್ತಿದ್ದ ನನಗೆ ಪ್ರತಿ ಅಕ್ಷರವೂ ಕೇಳಿಸಿತು. ಪಕ್ಕದಲ್ಲೇ ಪನ್ನೀರುದಾನಿ ಹಿಡಿದು ನಿಂತಿದ್ದ ಅಣ್ಣ ತುಟಿ ಬಿಚ್ಚಲಿಲ್ಲ. ಸಾಹೇಬರು ಎಲೆ ಅಡಿಕೆಯನ್ನು ಅಣ್ಣನ ಅಂಗೈಗೆ ಸುರಿದು, ಬಟ್ಟಲನ್ನು ಕೋಟಿನೊಳಗೆ ಅವುಚಿಕೊಂಡು ಹೊರಟರು. ನಾನು ಕೊಟ್ಟದ್ದಲ್ಲವೆಂದು ಬಸ್ ಸ್ಟ್ಯಾಂಡಿನವರೆಗೆ ಕೂಗುತ್ತ ಹೋದೆ, ಅವರು ತಿರುಗಿ ನೋಡಲಿಲ್ಲ. ಹಿಂದಿರುಗಿ ಅಣ್ಣನನ್ನು ಕೇಳಿದರೆ, "ಥೂ, ಒಂದ್ ಬಟ್ಲಿಗೆ ಮದ್ವೆ ಮನೇಲಿ ರಂಪ ಮಾಡ್ತೀಯೇನೋ?" ಎಂದ.

ಮುಂದಿನ ಭಾನುವಾರ ಅಜ್ಜಂಪುರಕ್ಕೆ ಹೋದೆ. ಸಾಹೇಬರು ಬಾಗಿಲನ್ನು ಅರ್ಧವಷ್ಟೇ ತೆರೆದರು. "ಗಾಡಿ ಹೋಯ್ತು ಕಣಯ್ಯ," ಎಂದರು. ಮತ್ತೆ ಹೋದಾಗ ಅಷ್ಟೂ ತೆರೆಯಲಿಲ್ಲ... ಅವರು ತೀರಿಕೊಂಡ ಸುದ್ದಿ ತಿಳಿದು ಹೋದ ದಿನ, ಅವರ ಗ್ರಾಮಫೋನಿನ ಮೇಲೆ ಆ ಬಟ್ಟಲಿತ್ತು. ಅದರಲ್ಲಿ ಅವರು ಏನನ್ನೂ ಇಟ್ಟಿರಲಿಲ್ಲ.

ಮೊನ್ನೆ ನಾನು ತಾಂಬೂಲ ಮುಟ್ಟದಿದ್ದುದನ್ನು ಕಂಡು ಅತ್ತಿಗೆ, "ಇನ್ನೂ ಎಷ್ಟ್ ಗಟ್ಟಿಯಾಗಿದೆ ನೋಡಪ್ಪಾ, ಹಳೇ ಕಾಲದ್ ಮಾಲು," ಎಂದರು. ಅಣ್ಣ ಅಂದಿನಂತೆಯೇ ಪಕ್ಕದಲ್ಲಿದ್ದ, ಅಂದಿನಂತೆಯೇ ಸುಮ್ಮನಿದ್ದ.

ಅಣ್ಣಾ, ಅತ್ತಿಗೇ, ರೆಕಾರ್ಡುಗಳನ್ನು ನೀವು ತಿಳಿಯದೆ ಬೇಯಿಸಿದಿರೆಂದೇ ಇಟ್ಟುಕೊಳ್ಳೋಣ. ಆದರೆ ಆ ಮನುಷ್ಯ ನಿಮ್ಮೆದುರು ನಿಂತು ಕೇಳಿದಾಗ, "ಅವನಿಗೆ ಗೊತ್ತಿಲ್ಲ, ನಾವೇ ತೆಗೆದುಕೊಂಡೆವು" ಎನ್ನಲು ನಿಮ್ಮ ನಾಲಗೆಗೆ ಏನು ಅಡ್ಡ ಬಂದಿತ್ತು?