ಮಗಳು ಮೈಸೂರು ಪಾಕ್ ತಿಂದ ದಿನ

ಇದು ಕಳೆದ ವರ್ಷದ ದಸರಾ ರಜೆಯ ಮಾತು. ಜಂಬೂ ಸವಾರಿ ಮುಗಿದು, ಹೊರಗಿನಿಂದ ಬಂದ ಜನವೆಲ್ಲ ತಮ್ಮ ತಮ್ಮ ಊರು ಸೇರಿ, ನಾವು ಮೈಸೂರಿನವರು ಮತ್ತೆ ನಮ್ಮ ರಸ್ತೆಗಳಲ್ಲಿ ನಿರಾಳವಾಗಿ ಓಡಾಡಲು ಶುರು ಮಾಡಿದ್ದೆವು. ಆ ವಾರವೇ ನನ್ನ ಮಗಳು ಸಹನಾಳ ಹುಟ್ಟುಹಬ್ಬ. ಅವಳಿಗೆ ಹದಿನಾಲ್ಕು ತುಂಬುತ್ತಿತ್ತು.

ನಾವಿರುವುದು ಕೃಷ್ಣಮೂರ್ತಿಪುರಂನ ಒಂದು ಬಾಡಿಗೆ ಮನೆಯಲ್ಲಿ. ಮುಂದಿನ ಕೋಣೆಯಲ್ಲೇ ನನ್ನ ಹೊಲಿಗೆ ಮಷಿನ್. ನಮ್ಮ ಯಜಮಾನರು ಶಾಲೆಯೊಂದರ ವ್ಯಾನ್ ಓಡಿಸುತ್ತಾರೆ, ರಜೆಯಲ್ಲಿ ಪ್ರವಾಸಿಗರ ಬಾಡಿಗೆಗೆ ಹೋಗುತ್ತಾರೆ. ಒಬ್ಬಳೇ ಮಗಳು. ಅವಳಿಗೆ ಟೈಪ್ ಒನ್ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಗಿ ಆಗ ಎರಡು ವರ್ಷವಾಗಿತ್ತು. ಇದ್ದಕ್ಕಿದ್ದಂತೆ ಬಡಕಲಾಗಿ, ಚೆಂಬುಗಟ್ಟಲೆ ನೀರು ಕುಡಿಯುತ್ತಾ, ಒಂದು ದಿನ ತರಗತಿಯಲ್ಲೇ ಪ್ರಜ್ಞೆ ತಪ್ಪಿದ್ದಳು. ಅವಳ ಮೈಯಲ್ಲಿ ಇನ್ಸುಲಿನ್ ಹುಟ್ಟುವುದಿಲ್ಲ, ಜೀವನಪರ್ಯಂತ ಚುಚ್ಚಿಕೊಳ್ಳಲೇಬೇಕು ಎಂದರು ಡಾಕ್ಟರು.

ಅಂದಿನಿಂದ ನಮ್ಮ ಮನೆಯಲ್ಲಿ ಸಿಹಿ ಎಂಬುದೇ ಇಲ್ಲವಾಯಿತು. ಯುಗಾದಿಗೆ ಒಬ್ಬಟ್ಟಿಲ್ಲ, ಗಣೇಶನಿಗೆ ಕಡುಬಿಲ್ಲ. ಮಗಳಿಗಿಲ್ಲದ್ದು ನಮಗೆ ಯಾಕೆ ಎಂದು ನಾವೂ ಬಿಟ್ಟೆವು. ಹೋಟೆಲಿಗೆ ಹೋಗುವುದನ್ನೂ ನಿಲ್ಲಿಸಿದೆವು. ನೆಂಟರಿಗೆ ಹೇಳಿರಲಿಲ್ಲ. "ಹೆಣ್ಣುಮಗ, ನಾಳೆ ಮದ್ವೆ ಮಾಡ್ಬೇಕು, ಯಾರ್ಗೂ ಬಾಯಿ ಬುಡ್ಬೇಡ" ಎಂದು ನಮ್ಮತ್ತೆ ಊರಿಂದ ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದರು.

ಹುಟ್ಟುಹಬ್ಬಕ್ಕೆ ಯಾವ ಬಣ್ಣದ ಬಟ್ಟೆ ಹೊಲಿಯಲಿ ಎಂದು ಕೇಳಿದೆ.

"ಬಟ್ಟೆ ಬೇಡ ಕಣಮ್ಮ" ಅಂದಳು. "ಒಂದಿನ ಊರೆಲ್ಲ ಸುತ್ತಿ ತಿನ್ಬೇಕು. ಎಲ್ಲಾ ಕಡೆ ಬಾಗಿಲಲ್ಲೇ ವಾಸನೆ ನೋಡ್ಕೊಂಡು ವಾಪಸ್ ಬಂದಿದೀನಿ. ಒಳಗ್ ಹೋಗ್ಬೇಕು."

ನಾನು ಬೇಡ ಎಂದೆ. ಯಜಮಾನರು ಮಾತ್ರ, "ಕರ್ಕೊಂಡ್ ಹೋಗು. ಡಾಕ್ಟ್ರು ಯಾವತ್ತೂ ಬೇಡ ಅಂದಿಲ್ಲ, ಬೇಡ ಅಂದಿರೋದು ನಾವು" ಎಂದರು. ಅದು ನಿಜ. ಅಳತೆ ನೋಡಿ ಇನ್ಸುಲಿನ್ ತಗೊಂಡು ಎಲ್ಲ ಮಕ್ಕಳಂತೆ ತಿನ್ನಬಹುದು, ಒಂದು ಸಲ ತಿಂದದ್ದಕ್ಕೂ ಇನ್ನೊಂದಕ್ಕೂ ನಡುವೆ ಬಿಡುವಿರಲಿ, ಸಕ್ಕರೆ ತೀರಾ ಇಳಿದರೆ ಕುಡಿಸಲು ಗ್ಲೂಕೋಸ್ ಪುಡಿ ಚೀಲದಲ್ಲಿರಲಿ ಎಂದು ಡಾಕ್ಟರು ಪ್ರತಿ ಸಲವೂ ಹೇಳುತ್ತಿದ್ದರು. ನನಗೇ ಧೈರ್ಯ ಬಂದಿರಲಿಲ್ಲ.

ಹುಟ್ಟುಹಬ್ಬದ ದಿನ ಬೆಳಿಗ್ಗೆ ಬೇಗ ನಾವಿಬ್ಬರೂ ನಜರ್‌ಬಾದಿಗೆ ಹೋದೆವು. ಅಲ್ಲಿ ಹಂಚಿನ ಮಾಡಿನ ಒಂದು ಸಣ್ಣ ಹೋಟೆಲಿದೆ. ಅಂಗೈಯಗಲದ ಮೆತ್ತನೆಯ ದೋಸೆ, ಮೇಲೆ ಕರಗುವ ಬೆಣ್ಣೆ, ಪಕ್ಕದಲ್ಲಿ ಸಾಗು, ಕಾಯಿ ಚಟ್ನಿ. ಗುರುತಿಲ್ಲದವರ ಎದುರು ಮೊಣಕೈ ತಾಗಿಸಿಕೊಂಡು ಕೂರಬೇಕು. ನಮ್ಮೆದುರಿಗೆ ವಯಸ್ಸಾದವರೊಬ್ಬರು ಕಾಫಿ ಕುಡಿಯುತ್ತಿದ್ದರು. ಸಹನಾ ಬೆರಳು ಚುಚ್ಚಿ ಸಕ್ಕರೆ ಅಳೆಯುವ ಮೀಟರ್ ನೋಡಿದಳು. ಆಮೇಲೆ ಇನ್ಸುಲಿನ್ ಪೆನ್ನು ತೆಗೆದಳು. ಮನೆಯ ಹೊರಗೆ ಅದನ್ನು ಅವಳು ಯಾವಾಗಲೂ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ತಗೊಳ್ಳುತ್ತಿದ್ದದ್ದು. ನಾನು ಗಾಬರಿಯಾಗಿ ಸೆರಗು ಹರಡಿ ಅಡ್ಡ ಹಿಡಿದೆ.

"ಸೆರಗು ತೆಗಿಯಮ್ಮ, ನಂಗ್ ಕಾಣಲ್ಲ" ಅಂದಳು.

ಎದುರಿನವರು ನೋಡಿಯೇಬಿಟ್ಟರು. "ಇಷ್ಟು ಚಿಕ್ಕ ವಯಸ್ಸಿಗೇ ಶುಗರ್ರಾ? ಪಾಪ. ಇಂಥ ಮಗೂನ ದೋಸೆಗೆ ಯಾಕ್ರಮ್ಮ ಕರ್ಕೊಂಡ್ ಬಂದ್ರಿ, ರಾಗಿ ಮುದ್ದೆ ತಿನ್ಸಬಾರ್ದೆ?" ಎಂದರು.

ಸಹನಾ ಪೆನ್ನು ಮುಚ್ಚಿಡುತ್ತಾ, "ಮುದ್ದೆಗೂ ತಗೋಬೇಕು ತಾತ, ದೋಸೆಗೂ ತಗೋಬೇಕು. ಎಷ್ಟು ಅನ್ನೋದು ಮಾತ್ರ ಬೇರೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ತಮ್ಮ ಕಡೆಗಿದ್ದ ಚಟ್ನಿಯ ಬಟ್ಟಲನ್ನು ಅವಳ ಹತ್ತಿರಕ್ಕೆ ಸರಿಸಿದರು. ಅವಳು ತಟ್ಟೆಯ ಅಂಚಿನ ಬೆಣ್ಣೆಯನ್ನೂ ಬಿಡದೆ ಬಳಿದು ತಿಂದಳು.

ಅಲ್ಲಿಂದ ಬಸ್ಸು ಹಿಡಿದು ಗೋಕುಲಂಗೆ. ಯೋಗ ಕಲಿಯಲು ಬಂದ ವಿದೇಶಿಯರು ಚಾಪೆ ಸುತ್ತಿ ಹೆಗಲಿಗೆ ಹಾಕಿಕೊಂಡು ಓಡಾಡುವ ಜಾಗ. ಅಲ್ಲಿ ಏನು ತಿನ್ನುತ್ತಾರೆ ಎಂದು ನೋಡಬೇಕೆಂಬುದು ಅವಳ ಬಹಳ ದಿನದ ಕುತೂಹಲ. ಬಿಡುವಿರಬೇಕಲ್ಲ ಎಂದು ಅಲ್ಲಿನ ಬೀದಿಗಳಲ್ಲಿ ಮರದ ನೆರಳು ಹುಡುಕಿಕೊಂಡು ಸಾಕಷ್ಟು ಹೊತ್ತು ಅಡ್ಡಾಡಿ, ಆಮೇಲೆ ಒಂದು ಕೆಫೆಗೆ ಹೋದೆವು. ಸುಟ್ಟ ಬ್ರೆಡ್ಡಿನ ಮೇಲೆ ಹಸಿರಾಗಿ ಏನೋ ಮೆತ್ತಿ ತಂದಿಟ್ಟರು. ನೋಡಿದರೆ ಬೆಣ್ಣೆಹಣ್ಣು. ನಾನು ಒಂದು ತುತ್ತು ತಿಂದು, "ಇದ್ಕೆ ಎರಡು ಹಸಿಮೆಣಸಿನಕಾಯಿ ಹಾಕಿ ಅರೆದಿದ್ರೆ ಎಷ್ಟ್ ಚೆನ್ನಾಗಿರೋದು" ಎಂದೆ. ಸಹನಾ ಬಿದ್ದು ಬಿದ್ದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಬಹಳ ಕಾಲವಾಗಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಂಡಿ ಮೊಹಲ್ಲಾದಲ್ಲಿ ಊಟ. ಮುತ್ತುಗದ ಎಲೆಯ ಮೇಲೆ ಹೊಗೆಯಾಡುವ ಮಟನ್ ಪಲಾವ್. ಒಂದು ಪೂರ್ತಿ ಪ್ಲೇಟಿನ ಲೆಕ್ಕ ಹಾಕಿ ಅವಳು ಇನ್ಸುಲಿನ್ ತಗೊಂಡಳು. ಆದರೆ ಖಾರ ಜೋರಾಗಿತ್ತು. ಅರ್ಧ ತಿಂದು, ನೀರು ಕುಡಿದು, "ಉಳಿದಿದ್ದಕ್ಕೆ ಆಮೇಲೆ ಬೇರೆ ಏನಾದ್ರೂ ತಿಂತೀನಿ" ಎಂದು ಎದ್ದಳು. ಬಿಸಿಲಲ್ಲಿ ನಡೆಯುತ್ತಾ ದೇವರಾಜ ಮಾರುಕಟ್ಟೆಗೆ ಬಂದೆವು. ಅಲ್ಲಿ ಅರಿಶಿನ ಕುಂಕುಮದ ಗುಡ್ಡೆಗಳು, ಮಲ್ಲಿಗೆ, ರಸಬಾಳೆಯ ಗೊನೆ ನೋಡುತ್ತಾ ನಾವಿಬ್ಬರೂ ತಿನ್ನುವ ಮಾತನ್ನೇ ಮರೆತೆವು.

ಹೂವಿನ ಸಾಲಿನಲ್ಲಿ ಅವಳು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದಳು. ತಿರುಗಿ ನೋಡಿದರೆ ತುಟಿಯ ಮೇಲೆ ಬೆವರಿನ ಹನಿ, ಕೈ ನಡುಗುತ್ತಿತ್ತು. "ಅಮ್ಮ, ಲೋ ಆಗ್ತಿದೆ" ಎಂದಳು. ಸಕ್ಕರೆ ಏರಿದರೆ ಮಾತ್ರವಲ್ಲ, ಹೀಗೆ ತೀರಾ ಇಳಿದರೂ ಅಪಾಯವೇ. ಹೂ ಕಟ್ಟುತ್ತಿದ್ದ ಹೆಂಗಸು ತಾನು ಕುಳಿತಿದ್ದ ಗೋಣಿಚೀಲವನ್ನೇ ಬಿಟ್ಟುಕೊಟ್ಟು, "ಕೂರ್ಸವ್ವ ಮಗೀನ" ಎಂದು ಬಾಳೆಲೆಯಲ್ಲಿ ಗಾಳಿ ಬೀಸಿದಳು. ನಾನು ಚೀಲದಲ್ಲಿ ಗ್ಲೂಕೋಸ್ ಹುಡುಕುತ್ತಾ ಇದ್ದದ್ದನ್ನೆಲ್ಲ ನೆಲಕ್ಕೆ ಸುರಿದೆ. ಸಹನಾಳೇ ಪೊಟ್ಟಣ ಆರಿಸಿಕೊಂಡು, ನೀರಿನ ಬಾಟಲಿಗೆ ಹಾಕಿ ಅಲ್ಲಾಡಿಸಿ ಕುಡಿದಳು. ಆಮೇಲೆ ಒಂದು ಬಾಳೆಹಣ್ಣು ತಿಂದಳು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಕಳೆ ಬಂತು.

ನಾನು ಅಳುತ್ತಿದ್ದೆ. "ಸಾಕು ಪುಟ್ಟಿ, ಆಟೋ ಮಾಡ್ಕೊಂಡು ಮನೆಗ್ ಹೋಗೋಣ" ಎಂದೆ.

ಅವಳು ಮತ್ತೆ ಮೀಟರ್ ನೋಡಿ, ನನ್ನ ಕಡೆ ತಿರುಗಿಸಿ ತೋರಿಸಿದಳು. "ಸರಿ ಹೋಯ್ತು ನೋಡು. ಯಾಕಾಯ್ತು ಅಂತಾನೂ ನಂಗೊತ್ತು. ಪೂರ್ತಿ ಪಲಾವಿಗೆ ತಗೊಂಡು ಅರ್ಧ ಬಿಟ್ಟೆ, ಬಿಸಿಲಲ್ಲಿ ನಡೆದೆ. ಇನ್ನೊಂದ್ ಸಲ ಹಂಗ್ ಮಾಡಲ್ಲ. ಆದ್ರೆ ಇವತ್ತು ಹಿಂಗೇ ಎದ್ದು ಹೋದ್ರೆ ನೀನು ಇನ್ಯಾವತ್ತೂ ನನ್ನ ಹೊರಗೆ ಕರ್ಕೊಂಡ್ ಬರಲ್ಲ."

ಅವಳ ಮಾತು ನೂರಕ್ಕೆ ನೂರು ಸರಿಯಾಗಿತ್ತು. ಸಂಜೆಯವರೆಗೆ ಅಲ್ಲೇ ಹೂವಿನವಳ ಪಕ್ಕದಲ್ಲಿ ಕೂತು ಸುಧಾರಿಸಿಕೊಂಡೆವು. ಆಮೇಲೆ ಕೈ ಹಿಡಿದುಕೊಂಡು ಸಯ್ಯಾಜಿರಾವ್ ರಸ್ತೆಯ ಕಡೆ ಹೊರಟೆವು. ಅಂದಿನ ಕೊನೆಯ ಆಸೆ ಮೈಸೂರು ಪಾಕ್.

ಸಿಹಿ ಅಂಗಡಿಯ ಮುಂದೆ ಜನ ಗುಂಪುಗೂಡಿದ್ದರು. ಬಿಸಿ ತುಪ್ಪದ ವಾಸನೆ ರಸ್ತೆಯ ತನಕ ಬರುತ್ತಿತ್ತು. ಅಲ್ಲೇ ಒಬ್ಬ ಹೆಣ್ಣುಮಗಳು ಆರೇಳು ವರ್ಷದ ಹುಡುಗಿಯ ರಟ್ಟೆ ಹಿಡಿದು ಎಳೆಯುತ್ತಿದ್ದಳು. ಹುಡುಗಿ ಅಂಗಡಿಯ ಕಟ್ಟೆಯನ್ನು ಹಿಡಿದುಕೊಂಡು ಅಳುತ್ತಿತ್ತು. ತಾಯಿಯ ಇನ್ನೊಂದು ಕೈಯಲ್ಲಿ ದೊಡ್ಡಾಸ್ಪತ್ರೆಯಿಂದ ತಂದ ಔಷಧಿಯ ಚೀಲವಿತ್ತು.

"ನಿಂಗೆ ಸಕ್ರೆ ಕಾಯ್ಲೆ ಕಣವ್ವ, ಅದ ತಿಂದ್ರೆ ಸತ್ತೋಯ್ತೀಯ" ಎಂದು ತಾಯಿ ಹೇಳಿದ್ದು ನಮ್ಮ ಕಿವಿಗೂ ಬಿತ್ತು. ಹೇಳುತ್ತಾ ಅವಳೂ ಅಳುತ್ತಿದ್ದಳು.

ಸಹನಾ ನನ್ನ ಕೈ ಬಿಟ್ಟು ನೇರ ಅವಳ ಹತ್ತಿರ ಹೋದಳು. "ಅಕ್ಕ, ನಂಗೂ ಅದೇ ಇದೆ" ಅಂದಳು.

ಆಕೆಯ ಹೆಸರು ರತ್ನ. ಹುಣಸೂರು ಕಡೆಯ ಹಳ್ಳಿಯವಳು. ಮಗು ಭೂಮಿ. ವಾರ್ಡಿನಲ್ಲಿದ್ದು ಅಂದೇ ಬಿಡುಗಡೆಯಾಗಿ ಊರಿಗೆ ಹೊರಟಿದ್ದರು. "ದಿನಕ್ ಅಷ್ಟು ಸಲ ಸೂಜಿ ಚುಚ್ಬೇಕಂತೆ. ಎಂಗ್ ಚುಚ್ಲವ್ವ ಎಳೆ ಮಗೀಗೆ?" ಎಂದಳು ರತ್ನ. "ನಮ್ಮತ್ತೆ ಯಾವ್ದೋ ಬೇರು ಕೊಡೋರ್ನ ಇಚಾರ್ಸವ್ರೆ. ಸೂಜಿ ಪೂರ್ತಿ ಬುಟ್ಬುಟ್ಟು ಅದ ಕುಡುಸ್ಬೇಕಂತೆ. ನಾಳೀಕೆ ಅಲ್ಲಿಗೆ ಓಗ್ತೀವಿ."

"ಸೂಜಿ ಬಿಡಬೇಡಿ ಅಕ್ಕ" ಎಂದಳು ಸಹನಾ. "ಬಿಟ್ರೆ ಮಗು ಉಳಿಯಲ್ಲ. ನಂಗೂ ನಮ್ಮಜ್ಜಿ ಊರಿಂದ ಏನೇನೋ ಪುಡಿ ಕಳ್ಸಿದ್ರು. ನಮ್ಮಮ್ಮ ಒಂದನ್ನೂ ಕೊಡ್ಲಿಲ್ಲ. ಕೊಟ್ಟಿದ್ರೆ ನಾನಿವತ್ತು ನಿಮ್ಮ ಜೊತೆ ಮಾತಾಡ್ತಾ ಇರ್ತಿರ್ಲಿಲ್ಲ."

ಎರಡು ವರ್ಷ ನಾನು ಮಾಡಿದ್ದರಲ್ಲಿ ಒಂದಾದರೂ ಒಳ್ಳೆಯದಿತ್ತು ಎಂದು ಮಗಳ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ರತ್ನ ನನ್ನ ಕಡೆ ತಿರುಗಿದಳು. "ನಿಜವೇನಕ್ಕ? ಎಲ್ಲಾರ್ಗೂ ಗೊತ್ತಾದ್ರೆ ನಾಳೆ ಇವ್ಳ ಮದ್ವೆ ಎಂಗಕ್ಕ?" ಎಂದು ಕೇಳಿದಳು. ಸುತ್ತ ನಿಂತವರು ಕಿವಿ ಕೊಟ್ಟಿದ್ದರು. ನಮ್ಮ ಬೀದಿಯ ಪರಿಚಯದವರು ಒಬ್ಬರು ಅಲ್ಲೇ ಸಿಹಿ ಕಟ್ಟಿಸುತ್ತಿದ್ದದ್ದೂ ನನ್ನ ಕಣ್ಣಿಗೆ ಬಿದ್ದಿತ್ತು.

"ಮಗು ಮೊದ್ಲು ಬದುಕ್ಲಿ, ಬೆಳೀಲಿ, ಓದ್ಲಿ" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ನನ್ನ ಮಗಳಿಗೂ ಎರಡು ವರ್ಷದಿಂದ ಇದೆ. ತನ್ನ ಕೈಯಾರೆ ತಾನೇ ಚುಚ್ಕೋತಾಳೆ. ಗೊತ್ತಿದ್ದೂ ಒಪ್ಕೊಳ್ಳೋನು ಬಂದ್ರೆ ಬರ್ಲಿ, ಇಲ್ಲದಿದ್ರೆ ಬೇಡ."

ಸಹನಾ ಅಷ್ಟರಲ್ಲಿ ಭೂಮಿಯ ಎದುರು ಕುಕ್ಕರುಗಾಲಲ್ಲಿ ಕೂತಿದ್ದಳು. ತನ್ನ ಪೆನ್ನು ತೋರಿಸಿದಳು. ಸೂಜಿ ಎಷ್ಟು ಸಣ್ಣದು ನೋಡು ಎಂದಳು. ಮಗು ಅಳು ನಿಲ್ಲಿಸಿ ನೋಡುತ್ತಿತ್ತು. ನಾನು ಒಂದು ತುಂಡು ಮೈಸೂರು ಪಾಕ್ ಕೊಂಡು ತಂದೆ. ಸಹನಾ ಮೀಟರ್ ನೋಡಿ, ಲೆಕ್ಕ ಹಾಕಿ, ಅಷ್ಟು ಜನರ ನಡುವೆ ಹೊಟ್ಟೆಗೆ ಚುಚ್ಚಿಕೊಂಡಳು. ಆಮೇಲೆ ಆ ತುಂಡನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು.

"ಹೆಂಗಿದೆ?" ಎಂದೆ.

"ಹೆಂಗಿತ್ತೋ ಹಂಗೇ ಇದೆ ಕಣಮ್ಮ" ಅಂದಳು.

"ನಂಗೆ?" ಎಂದು ಭೂಮಿ ಕೈ ಚಾಚಿತು. ಸಹನಾ ಕೊಡಲಿಲ್ಲ. "ನಿನ್ನ ಅಳತೆ ನಿನ್ನ ಡಾಕ್ಟ್ರು ಹೇಳ್ಬೇಕು ಪುಟ್ಟಿ. ಬಾ, ಕೇಳೋಣ" ಎಂದು ಎದ್ದಳು. ದೊಡ್ಡಾಸ್ಪತ್ರೆ ಅಲ್ಲಿಗೆ ಹತ್ತಿರ. ನಾವು ನಾಲ್ವರೂ ನಡೆದು ಹೋದೆವು. ಮಕ್ಕಳ ವಾರ್ಡಿನಲ್ಲಿದ್ದ ಡಾಕ್ಟರಮ್ಮ ಎಲ್ಲವನ್ನೂ ಕೇಳಿ, ರತ್ನಳನ್ನು ಕೂರಿಸಿಕೊಂಡು ಮತ್ತೊಮ್ಮೆ ನಿಧಾನವಾಗಿ ವಿವರಿಸಿದರು. ಇನ್ಸುಲಿನ್ ಯಾಕೆ ನಿಲ್ಲಿಸಬಾರದು, ಲೋ ಆದರೆ ಏನು ಮಾಡಬೇಕು, ಸಿಹಿ ಯಾವಾಗ, ಎಷ್ಟು ತಿನ್ನಬಹುದು ಎಂದು. ಮನೆಯಲ್ಲಿ ಫ್ರಿಜ್ ಇಲ್ಲ ಎಂದು ರತ್ನ ಅಂಜುತ್ತಾ ಹೇಳಿದಾಗ, ನೀರಿನ ಮಡಕೆಯೊಳಗೆ ಡಬ್ಬಿಯಲ್ಲಿಟ್ಟು ತಂಪಾಗಿರಿಸುವುದನ್ನು ಕಲಿಸಿಕೊಟ್ಟರು. ರಾತ್ರಿ ಊಟದ ಜೊತೆ ಒಂದು ಸಣ್ಣ ಚೂರು ಮೈಸೂರು ಪಾಕ್ ಕೊಡಬಹುದು, ಅದಕ್ಕೆ ಸೂಜಿಯಲ್ಲಿ ಇಷ್ಟು ಸೇರಿಸಿ ಎಂದೂ ಹೇಳಿದರು. ಹೊರಗೆ ಬಂದ ಮೇಲೆ ರತ್ನ, "ನಮ್ಮತ್ತೆಗೆ ನಾನೇ ಯೋಳ್ತೀನಿ" ಎಂದಷ್ಟೇ ಹೇಳಿ, ನನ್ನ ಫೋನ್ ನಂಬರ್ ತಗೊಂಡು ಬಸ್ ಸ್ಟ್ಯಾಂಡ್ ಕಡೆ ಹೋದಳು.

ಅವಳು ಹೇಳಿದಂತೆಯೇ ನಡೆದುಕೊಂಡಳು. ಬೇರು ಕೊಡುವವನ ಹತ್ತಿರ ಅವರು ಹೋಗಲಿಲ್ಲ. ಭೂಮಿ ಈಗ ಶಾಲೆಗೆ ಹೋಗುತ್ತಿದೆ, ಮೈ ಕೈ ತುಂಬಿಕೊಂಡಿದೆಯಂತೆ. ಆಗಾಗ ರತ್ನಳ ಫೋನ್ ಬರುತ್ತದೆ. ಬಂದರೂ ಅವಳಿಗೆ ಬೇಕಾಗಿರುವುದು ನಾನಲ್ಲ. "ಅಕ್ಕ, ಸಹನಾ ಅವ್ರು ಮನೇಲವ್ರಾ? ಒಸಿ ಕೇಳ್ಬೇಕಿತ್ತು" ಎನ್ನುತ್ತಾಳೆ. ಹದಿನಾಲ್ಕರ ನನ್ನ ಮಗಳಿಗೆ ಅವಳು ಬಹುವಚನ ಬಿಟ್ಟು ಮಾತಾಡುವುದಿಲ್ಲ. ನಾನು ಫೋನ್ ಕೊಟ್ಟು ಮಷಿನ್ ನಿಲ್ಲಿಸುತ್ತೇನೆ. ಒಳಗಿನ ಕೋಣೆಯಲ್ಲಿ ಸಹನಾ, ಜ್ವರ ಬಂದಾಗ ಏನು ಮಾಡಬೇಕು, ಮದುವೆ ಮನೆಯ ಊಟಕ್ಕೆ ಹೋದರೆ ಡಾಕ್ಟರನ್ನು ಮೊದಲೇ ಏನು ಕೇಳಿಕೊಳ್ಳಬೇಕು ಎಂದೆಲ್ಲ ದೊಡ್ಡವರಂತೆ ಹೇಳುತ್ತಿರುತ್ತಾಳೆ. ನಾನು ಕೈಯಲ್ಲಿ ಬಟ್ಟೆ ಹಿಡಿದುಕೊಂಡು ಸುಮ್ಮನೆ ಕೇಳುತ್ತಾ ಕೂರುತ್ತೇನೆ. ಹೊರಗೆ ಬ್ಲೌಸಿಗೆ ಕಾಯುತ್ತಿದ್ದವರೊಬ್ಬರು, "ಯಾರದು, ಒಳಗೆ ಡಾಕ್ಟ್ರು ಯಾರಾದ್ರೂ ಬಂದಿದಾರಾ?" ಎಂದು ಒಮ್ಮೆ ಕೇಳಿದ್ದರು.

"ಇಲ್ಲ, ನನ್ನ ಮಗಳು" ಎಂದೆ.